ಕ್ರಯಪತ್ರ ನೋಂದಣಿಯಾದ ಮಾತ್ರಕ್ಕೆ ಸೈಟು ನಿಮ್ಮದೆಂದು ನಂಬಬೇಡಿ

ಮೈಸೂರಿನಲ್ಲಿ ಸೈಟು ಕೊಳ್ಳಲು ಹೊರಟವರು, ಅದರಲ್ಲೂ ಹೊರದೇಶದಿಂದ ಊರಿಗೆ ಮರಳುತ್ತಿರುವವರು, ದಯವಿಟ್ಟು ಇದನ್ನು ಓದಿ. ಬರೆಯಲು ನಾಚಿಕೆಯಾಗುತ್ತಿದೆ. ಮನೆಯವರನ್ನು ಬಿಟ್ಟರೆ ಇನ್ನೂ ಯಾರಿಗೂ ಹೇಳಿಲ್ಲ.

ಬನ್ನೂರು ರಸ್ತೆಯ ಕಡೆ ಮೂವತ್ತು ನಲವತ್ತರ ಸೈಟು. ಮಾರಿದವರು ಅಣ್ಣ ತಮ್ಮಂದಿರು. ತಾತನ ಕಾಲದ ಜಮೀನು. ಮೂವತ್ತು ವರ್ಷದ ಋಣಭಾರ ಪತ್ರ ತೆಗೆಸಿದೆ. ಸಾಲವಿಲ್ಲ, ಅಡಮಾನವಿಲ್ಲ. ಖಾತೆಯೂ ಅವರ ಹೆಸರಿನಲ್ಲೇ ಇತ್ತು. ವಕೀಲರಿಗೊಮ್ಮೆ ತೋರಿಸುತ್ತೇನೆ ಎಂದರೆ ಮಧ್ಯವರ್ತಿ, "ಸುಮ್ಮನೆ ದುಡ್ಡು ದಂಡ ಸರ್, ಸರ್ಕಾರವೇ ನೋಂದಣಿ ಮಾಡಿಕೊಡುತ್ತದಲ್ಲ" ಎಂದ. ನಾನು ಬಿದ್ದದ್ದು ಆ ಮಾತಿಗೆ.

ಏಕೆಂದರೆ ಒಂಬತ್ತು ವರ್ಷ ಮೆಲ್ಬರ್ನ್‌ನಲ್ಲಿದ್ದೆ, ಅಲ್ಲಿ ಮನೆ ಕೊಂಡು ಮಾರಿದ್ದೆ. ಅಲ್ಲಿ ಸರ್ಕಾರದ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು. 1858ರಲ್ಲಿ ದಕ್ಷಿಣ ಆಸ್ಟ್ರೇಲಿಯಾದಲ್ಲಿ ಶುರುವಾದ ಟೊರೆನ್ಸ್ ಪದ್ಧತಿ ಅದು. ಹಕ್ಕಿಗೆ ಸರ್ಕಾರವೇ ಹೊಣೆ. ನಮ್ಮಲ್ಲಿ 1908ರ ನೋಂದಣಿ ಕಾಯ್ದೆಯಡಿ ನೋಂದಣಿಯಾಗುವುದು ಪತ್ರ ಮಾತ್ರ. ಮಾರುವವನಿಗೆ ಮಾರುವ ಹಕ್ಕಿದೆಯೇ ಎಂಬುದಕ್ಕೆ ಸರ್ಕಾರ ಹೊಣೆಯಲ್ಲ. ಹೆಬ್ಬೆಟ್ಟು ಒತ್ತಿಸಿಕೊಂಡರು, ಫೋಟೊ ತೆಗೆದರು, ಮೊಹರು ಬಿತ್ತು. ಅಷ್ಟಕ್ಕೇ ಸೈಟು ನಮ್ಮದಾಯಿತೆಂದು ನಂಬಿದೆ. ನನ್ನ ಹೆಂಡತಿ ಪತ್ರದ ಮೂಲೆಗೆ ಕುಂಕುಮ ಹಚ್ಚಿ ದೇವರ ಮುಂದೆ ಇಟ್ಟಳು. ಆ ಕುಂಕುಮ ಇನ್ನೂ ಹಾಗೆಯೇ ಇದೆ.

ಏಳನೇ ತಿಂಗಳಿಗೆ ಕೋರ್ಟಿನ ನೋಟಿಸು ಬಂತು. ಆ ಅಣ್ಣ ತಮ್ಮಂದಿರಿಗೆ ಇಬ್ಬರು ಅಕ್ಕಂದಿರಿದ್ದಾರೆ! ಒಬ್ಬರನ್ನು ಮದ್ದೂರಿಗೆ, ಇನ್ನೊಬ್ಬರನ್ನು ಮಳವಳ್ಳಿಗೆ ಕೊಟ್ಟಿದ್ದಾರೆ. ಪಾಲು ಕೇಳಿ ದಾವೆ ಹೂಡಿದ್ದಾರೆ. ನಾನು ಮೂರನೇ ಪ್ರತಿವಾದಿ. ಮುಖವನ್ನೇ ನೋಡದವರ ಮನೆಯ ವ್ಯಾಜ್ಯದಲ್ಲಿ ನನ್ನ ಹೆಸರು! ಆ ಹೆಣ್ಣುಮಕ್ಕಳ ಮೇಲೆ ನನಗೆ ಸಿಟ್ಟಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಅವರಿಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಷ್ಟೇ ಪಾಲು ಕೊಟ್ಟಿದೆ. ತಂದೆ ಅದಕ್ಕೆ ಮೊದಲೇ ತೀರಿಕೊಂಡಿದ್ದರೂ ಆ ಹಕ್ಕು ಉಂಟೆಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹುಟ್ಟಿನಿಂದ ಬಂದ ಹಕ್ಕು ಋಣಭಾರ ಪತ್ರದಲ್ಲಿ ಕಾಣುವುದಿಲ್ಲ. ಅದರಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರ ಮಾತ್ರ. ಇದನ್ನು ನನಗೆ ಯಾರೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಮಾರಿದವರಲ್ಲಿ ದೊಡ್ಡವನಿಗೆ ಫೋನ್ ಮಾಡಿದೆ. "ಅಕ್ಕಂದಿರಿಗೆ ಮದುವೆಯಲ್ಲೇ ಒಡವೆ ಕೊಟ್ಟು ಮುಗಿಸಿದ್ದೇವೆ" ಎಂದ. ಹಾಗಾದರೆ ಅವರು ಪಾಲು ಬಿಟ್ಟುಕೊಟ್ಟ ಹಕ್ಕು ಖುಲಾಸೆ ಪತ್ರ ಎಲ್ಲಿ ಎಂದು ಕೇಳಿದೆ. "ಮನೆಯೊಳಗಿನ ಮಾತಿಗೆ ಪತ್ರ ಬೇಕಾ ಸರ್?" ಎಂದ. ನನ್ನ 52 ಲಕ್ಷ ಅವನಿಗೆ ಮನೆಯೊಳಗಿನ ಮಾತಾಗಿತ್ತು. ಮಧ್ಯವರ್ತಿಯದು ಒಂದೇ ಪಲ್ಲವಿ: "ನೋಂದಣಿ ಮಾಡಿಸಿಕೊಟ್ಟಿದ್ದೇನಲ್ಲ ಸರ್, ನನ್ನ ಕೆಲಸ ಮುಗಿಯಿತು." ನೋಂದಣಿ, ನೋಂದಣಿ! ಉಪನೋಂದಣಿ ಕಚೇರಿಗೂ ಹೋದೆ. ಗುಮಾಸ್ತರು ತಲೆಯೆತ್ತದೆ, "ಹಕ್ಕು ತೀರ್ಮಾನಿಸುವುದು ಸಿವಿಲ್ ಕೋರ್ಟು, ನಾವಲ್ಲ" ಎಂದರು. ಅವರ ಮಾತು ಸರಿಯೇ. ಆದರೆ ದುಡ್ಡು ಕೊಡುವ ಮುಂಚೆ ಅದನ್ನು ಕೇಳಿಸಿಕೊಳ್ಳಬೇಕಿತ್ತು.

ಪಿತ್ರಾರ್ಜಿತ ಆಸ್ತಿಯಾದರೆ ಮೊದಲು ವಂಶವೃಕ್ಷ ಕೇಳಿ. ಹೆಣ್ಣುಮಕ್ಕಳ ಹೆಸರು ಬಿಟ್ಟಿದ್ದಾರೆಯೇ ಎಂದು ಊರಿನಲ್ಲೇ ವಿಚಾರಿಸಿ. ಪ್ರತಿಯೊಬ್ಬರೂ ಸಹಿ ಹಾಕದಿದ್ದರೆ ಮುಂಗಡವನ್ನೂ ಕೊಡಬೇಡಿ. ವಕೀಲರ ಶುಲ್ಕ ದಂಡ ಎನ್ನುವ ಮಧ್ಯವರ್ತಿಯನ್ನು ಅಲ್ಲಿಗೇ ಕೈಬಿಡಿ.

ಮುಂದಿನ ತಿಂಗಳು ಮತ್ತೆ ವಾಯಿದೆ. ಮಾರಿದ ಇಬ್ಬರ ಫೋನ್‌ಗಳೂ ಈಗ ಸ್ವಿಚ್ ಆಫ್ ಆಗಿವೆ.