ನಲ್ಲಿ ಪ್ರೆಶರ್ ಸರಿ ಮಾಡಿಕೊಟ್ಟ ಪ್ಲಂಬರ್ ಅಣ್ಣ
ನಮ್ದು ತುಮಕೂರು ಎಸ್.ಎಸ್.ಪುರಂ ಕಡೆ ಹಳೇ ಮನೆ. ಬುಗುಡನಹಳ್ಳಿ ಕೆರೆಯಿಂದ ಬರೋ ಹೇಮಾವತಿ ನೀರು ಬಿಟ್ಟಾಗ ಪಕ್ಕದ್ಮನೆ ಸಂಪು ತುಂಬಿ ಹರೀತಿದ್ರೂ ನಮ್ಮ ನಲ್ಲೀಲಿ ಸಣ್ಣ ಎಳೆ, ಒಂದು ಬಿಂದಿಗೆಗೆ 10 ನಿಮಿಷ, ಅಮ್ಮ ನಿದ್ದೆಗೆಟ್ಟು ಕಾಯೋರು ಪಾಪ. ಮೊದ್ಲು ಬಂದ ಬೇರೆ ಪ್ಲಂಬರ್ ನೀರಿನ ಲೈನಿಗೇ ಮೋಟಾರ್ ಹಾಕ್ಸಿ ಅಂದ್ರು. ದಯವಿಟ್ಟು ಯಾರೂ ಹಾಕ್ಬೇಡಿ, ಅಕ್ಕಪಕ್ಕದೋರ ನೀರು ಎಳ್ಕೊಳ್ಳುತ್ತೆ, ಪೈಪ್ ಎಲ್ಲಾದ್ರೂ ಒಡೆದಿದ್ರೆ ಚರಂಡಿ ನೀರೂ ಒಳಗೆ ಬರುತ್ತೆ.

ಈ ಅಣ್ಣ ಮೊದ್ಲು ಮೀಟರ್ ಹತ್ರ ಬಿಚ್ಚಿ ನೋಡಿದ್ರು, ಅಲ್ಲಿ ಜೋರಾಗೇ ಬರ್ತಿತ್ತು. "ರೋಡಲ್ಲಿ ತೊಂದ್ರೆ ಇಲ್ಲ ಮೇಡಂ, ನಿಮ್ಮ ಜಿಐ (ಸತು ಲೇಪದ ಕಬ್ಬಿಣ) ಪೈಪೇ ಕಟ್ಕೊಂಡಿದೆ" ಅಂತ ಒಂದು ತುಂಡು ಕುಯ್ದು ಕೈಗೆ ಕೊಟ್ರು, ಒಳಗೆಲ್ಲಾ ಕೆಂಪು ತುಕ್ಕು ಗಂಟುಗಂಟಾಗಿ ಕೂತು ಮಧ್ಯೆ ಪೆನ್ಸಿಲ್ ತೂರೋಷ್ಟು ತೂತು! ಮೀಟರಿಂದ ಸಂಪಿನವರೆಗೂ ಹೊಸ ಪೈಪ್, ಹಳೇ ಗೇಟ್ ವಾಲ್ವ್ ತೆಗೆದು ಬಾಲ್ ವಾಲ್ವ್, ಒಂದೇ ದಿನದ ಕೆಲಸ.

ಮೇಲಿನ ಶವರ್ ಮಾತ್ರ ಇನ್ನೂ ಸ್ಲೋ. ಅದನ್ನ ಅವ್ರೇ ಮೊದ್ಲೇ ಹೇಳಿದ್ರು, ಟ್ಯಾಂಕ್ 10 ಮೀಟರ್ ಎತ್ತರ ಇದ್ರೆ ಚದರ ಸೆಂಟಿಮೀಟರಿಗೆ ಸುಮಾರು 1 ಕೆಜಿ ಪ್ರೆಶರ್, ನಿಮ್ಮ ಟ್ಯಾಂಕ್ ಶವರಿಗಿಂತ ಒಂದೂವರೆ ಮೀಟರ್ ಅಷ್ಟೇ ಮೇಲಿರೋದು, ಅದಕ್ಕೇ ಪ್ರೆಶರ್ ಕಮ್ಮಿ ಅಂತ. ಸುಮ್ನೆ ಪಂಪ್ ಮಾರಕ್ಕೆ ನೋಡ್ಲಿಲ್ಲ, ಅದು ನಂಗೆ ತುಂಬಾ ಇಷ್ಟ ಆಯ್ತು. ಈಗ ಬಿಂದಿಗೆ ಒಂದೇ ನಿಮಿಷಕ್ಕೆ ತುಂಬುತ್ತೆ, ಅಮ್ಮ ನೆಮ್ಮದಿಯಾಗಿ ಮಲಗ್ತಾರೆ.