ಒಂದೇ ಹೆಸರಿನ ಎರಡು ‘ದ ಥಿಂಗ್’, ನನ್ನ 300 ರೂಪಾಯಿ

ಮೊದಲೇ ಹೇಳಿಬಿಡುತ್ತೇನೆ, ನಾನು ಹಳೆಯದರ ಕಡೆ. ಜಾನ್ ಕಾರ್ಪೆಂಟರ್ 1982ರಲ್ಲಿ ತೆಗೆದ ‘ದ ಥಿಂಗ್’, ಅಂಟಾರ್ಕ್ಟಿಕಾದ ಒಂದು ಕ್ಯಾಂಪಿನಲ್ಲಿ ನಡೆಯುವ ಹೆದರಿಕೆಯ ಸಿನಿಮಾ, ಎಷ್ಟು ಸಲ ನೋಡಿದ್ದೇನೋ ಲೆಕ್ಕ ಇಲ್ಲ. ಅದಕ್ಕೂ ಹಿಂದಿನ ಕಥೆ ಅಂತ 2011ರಲ್ಲಿ ಬಂದ ಸಿನಿಮಾವನ್ನು ಮಾತ್ರ ಬೇಕಂತಲೇ ದೂರ ಇಟ್ಟಿದ್ದೆ. ಕೊನೆಗೆ ಒಂದು ಆಟಿ ತಿಂಗಳ (ತುಳುವರ ಆಷಾಢ, ಜೋರು ಮಳೆಗಾಲ) ರಾತ್ರಿ ಅದನ್ನೂ ನೋಡಿದೆ. ನೋಡುವ ಆಸೆಯಿಂದಲ್ಲ, ದುಡ್ಡು ಕೊಟ್ಟಾಗಿತ್ತು ಅಂತ.

ಆದದ್ದು ಇಷ್ಟು. ನಾನಿರುವುದು ಉಡುಪಿಯಲ್ಲಿ, ಅಕ್ಕನ ಮನೆ ಮಂಗಳೂರಿನ ಬಿಜೈಯಲ್ಲಿ. ಆ ಶನಿವಾರ ನಾನು ಅಲ್ಲಿದ್ದೆ, ಅಕ್ಕನ ಮಗ, ನನ್ನ ಅಳಿಯ, ಮಣಿಪಾಲದ ಹಾಸ್ಟೆಲಿನಿಂದ ಮನೆಗೆ ಬಂದಿದ್ದ. ಊಟದ ಹೊತ್ತಲ್ಲಿ ನಾನು ಜಂಭ ಕೊಚ್ಚಿದೆ. “ನೀವೆಲ್ಲ ನೋಡುವುದು ಭೂತದ ಸಿನಿಮಾವೇ ಅಲ್ಲ ಮಾರಾಯ. ಇವತ್ತು ಒಂದು ತೋರಿಸ್ತೇನೆ, ಹೆದರಿಕೆ ಅಂದ್ರೆ ಎಂತ ಅಂತ ಗೊತ್ತಾಗ್ತದೆ.” ಟಿವಿಯಲ್ಲಿ ಹೆಸರು ಟೈಪ್ ಮಾಡಿದೆ. ‘ದ ಥಿಂಗ್’ ಬಂತು. 150 ರೂಪಾಯಿ ಬಾಡಿಗೆ ಕಟ್ಟಿದೆ. ಲೈಟ್ ಆರಿಸಿದೆವು.

ಬಿಳಿ ಹಿಮ ಬಂತು, ಸರಿ. ಹೆಲಿಕಾಪ್ಟರ್ ಬರಬೇಕಿತ್ತು, ಬರಲಿಲ್ಲ. ಬದಲಿಗೆ ಮೂರು ಜನ ನಾರ್ವೆಯವರು ಒಂದು ಗಾಡಿಯಲ್ಲಿ ಪೋಲಿ ಜೋಕ್ ಹೇಳಿಕೊಂಡು ಹೋಗುತ್ತಿದ್ದಾರೆ. ಗಾಡಿ ಸೀದಾ ಹಿಮದ ಬಿರುಕಿಗೆ ಬಿತ್ತು. ನಾನು ಮರೆತ ದೃಶ್ಯವೋ ಏನೋ ಅಂದುಕೊಂಡೆ. ಆಮೇಲೆ ಒಬ್ಬಳು ಹುಡುಗಿ ಕಿವಿಗೆ ಹಾಡು ಸಿಕ್ಕಿಸಿಕೊಂಡು ಲ್ಯಾಬಿನಲ್ಲಿ ಕೆಲಸ ಮಾಡುವುದು ಬಂತು. ಅಲ್ಲಿಗೆ ನನ್ನ ಮುಖ ಬಾಡಿತು. ಹಳೆಯ ಸಿನಿಮಾದ ಆ ಕ್ಯಾಂಪಿನಲ್ಲಿ ಇರುವುದು 12 ಗಂಡಸರು. ಅಲ್ಲಿ ಕೇಳುವ ಹೆಣ್ಣು ದನಿ ಅಂದರೆ ಚೆಸ್ ಆಡುವ ಕಂಪ್ಯೂಟರಿನದು, ಅದರ ಮೇಲೂ ನಾಯಕ ವಿಸ್ಕಿ ಸುರಿದು ಸುಟ್ಟುಬಿಡುತ್ತಾನೆ.

ಸಹಾಯದ ಚಾಟ್‌ನಲ್ಲಿ ಕೇಳಿದೆ. ನೋಡಲು ಶುರು ಮಾಡಿದ ಮೇಲೆ ಹಣ ವಾಪಸ್ ಇಲ್ಲ ಎಂಬ ಉತ್ತರ ಬಂತು. ಬಾವ ಗೋಳಿಬಜೆ ಬಾಯಿಗಿಟ್ಟುಕೊಂಡೇ ತೀರ್ಪು ಕೊಟ್ಟರು: “ಕೊಟ್ಟಾಯ್ತಲ್ಲ, ನೋಡುವ.”

ಈಗ ಹೇಳಿ, ಹಿಂದಿನ ಕಥೆ ತೆಗೆಯುವವರು ಅದಕ್ಕೂ ಅದೇ ಹೆಸರು ಇಡುತ್ತಾರಾ? ಜಾಗ ಅದೇ ಅಂಟಾರ್ಕ್ಟಿಕಾ. ಕಥೆ ನಡೆಯುವ ವರ್ಷವೂ ಅದೇ 1982. ಹೆಸರಿನಲ್ಲಿ ಒಂದು ಅಕ್ಷರದ ವ್ಯತ್ಯಾಸ ಇಲ್ಲ. ಗುರುತು ಹಿಡಿಯಲು ಇರುವುದು ಕೆಳಗೆ ಇರುವೆ ಗಾತ್ರದಲ್ಲಿ ಬರೆದ ಇಸವಿ ಮಾತ್ರ, ಅದನ್ನು ಓದಲು ನನಗೆ ಕನ್ನಡಕ ಬೇಕು. ನಮ್ಮ ಕಡೆ ಒಂದೇ ವಠಾರದಲ್ಲಿ ಇಬ್ಬರು ವಸಂತಣ್ಣ ಇದ್ದರೆ ಒಬ್ಬರು ರಿಕ್ಷಾ ವಸಂತಣ್ಣ, ಇನ್ನೊಬ್ಬರು ಸೋಜಾ ಕಂಪೌಂಡಿನ ವಸಂತಣ್ಣ ಆಗುತ್ತಾರೆ. ‘ಕಾಂತಾರ’ದ ಹಿಂದಿನ ಕಥೆ 2025ರಲ್ಲಿ ಬಂದಾಗಲೂ ‘ಚಾಪ್ಟರ್ 1’ ಅಂತ ಒಂದು ಬಾಲ ಇತ್ತು. ಜನ ತಪ್ಪು ಟಿಕೆಟ್ ತೆಗೆಯಲಿಲ್ಲ. ಇಲ್ಲಿ ಆ ಬಾಲವೂ ಇಲ್ಲ. ಹಳೆಯದು ಅಂದುಕೊಂಡು ಹೊಸದನ್ನು ತೆಗೆದು ಮೋಸ ಹೋದವನು ನಾನೊಬ್ಬನೇ ಅಲ್ಲ ಅಂತ ನನ್ನ ನಂಬಿಕೆ.

150 ರೂಪಾಯಿ ದೊಡ್ಡದಲ್ಲ. ಹೊಟ್ಟೆ ಉರಿದದ್ದು ನಾಯಿಯ ವಿಷಯಕ್ಕೆ. (ಎರಡನ್ನೂ ನೋಡದವರು ಇಲ್ಲಿಗೆ ನಿಲ್ಲಿಸಿ, ಹಳೆಯದನ್ನು ನೋಡಿ ಬನ್ನಿ. ಇಸವಿ ನೋಡಿ ತೆಗೆಯಿರಿ.)

ಹಳೆಯ ಸಿನಿಮಾ ಶುರುವಾಗುವುದು ಹೀಗೆ. ಹಿಮದ ಮೇಲೆ ಒಂದು ನಾಯಿ ಓಡುತ್ತಿದೆ. ಹೆಲಿಕಾಪ್ಟರಿನಿಂದ ಒಬ್ಬ ನಾರ್ವೆಯವನು ಅದಕ್ಕೆ ಗುಂಡು ಹಾರಿಸುತ್ತಿದ್ದಾನೆ. ಪಾಪದ ನಾಯಿ ಅಮೆರಿಕದವರ ಕ್ಯಾಂಪಿಗೆ ಬಂದು ಒಬ್ಬನ ಕಾಲ ಬಳಿ ನಿಲ್ಲುತ್ತದೆ. ಗುಂಡು ಹಾರಿಸುತ್ತಿದ್ದವ ಏನೋ ಬೊಬ್ಬೆ ಹಾಕುತ್ತಾನೆ. ಅದು ನಾಯಿ ಅಲ್ಲ, ನಾಯಿಯ ರೂಪ ಹಾಕಿಕೊಂಡ ಬೇರೆ ಏನೋ, ದೂರ ಸರಿಯಿರಿ ಅಂತಲೇ ಅವನು ಕೂಗುವುದು. ಆದರೆ ನಾರ್ವೆ ಭಾಷೆಯಲ್ಲಿ. ಅಮೆರಿಕದವರಿಗೆ ಒಂದಕ್ಷರ ತಿಳಿಯುವುದಿಲ್ಲ, ಅವನನ್ನೇ ಕೊಂದುಬಿಡುತ್ತಾರೆ. ಬೆಂಗಳೂರಿನಿಂದ ಬಂದವರಿಗೆ ಪಣಂಬೂರು ಬೀಚಿನಲ್ಲಿ ಯಾರೋ ತುಳುವಿನಲ್ಲಿ “ನೀರಿಗೆ ಇಳಿಯಬೇಡಿ” ಅಂತ ಕೂಗಿದ ಹಾಗೆ. ಆ ನಾಯಿಯ ಪಾತ್ರ ಮಾಡಿದ್ದು ಜೆಡ್ ಎಂಬ ತೋಳದ ಮಿಶ್ರತಳಿ. ಅದು ಬಾಲ ಅಲ್ಲಾಡಿಸುವುದಿಲ್ಲ, ಬೊಗಳುವುದಿಲ್ಲ, ಸುಮ್ನೆ ಕಾರಿಡಾರಿನಲ್ಲಿ ನಡೆದು ಒಂದು ಬಾಗಿಲಿನ ಹತ್ತಿರ ನಿಲ್ಲುತ್ತದೆ. ಮೊದಲ ಸಲ ನೋಡುವಾಗ ನಾನು ಅದರ ಪರವಾಗಿದ್ದೆ. ಅರ್ಧ ಗಂಟೆಯ ಮೇಲೆ ಆದ ಗತಿ ಇವತ್ತಿಗೂ ಮರೆತಿಲ್ಲ.

ಹೊಸದು ಮುಗಿಯುವುದು ಆ ನಾಯಿ ಓಡುವಲ್ಲಿಗೆ. ಅಂದರೆ ನನ್ನ ಅಳಿಯನಿಗೆ ಆ ಅರ್ಧ ಗಂಟೆ ಇನ್ನು ಈ ಜನ್ಮದಲ್ಲಿ ಸಿಗುವುದಿಲ್ಲ. ಮರುದಿನ ರಾತ್ರಿ ಇನ್ನೂ 150 ಕೊಟ್ಟು ಹಳೆಯದನ್ನು ಹಾಕಿದೆ. ನಾಯಿ ಕಂಡ ತಕ್ಷಣ ಅವನು ಎದ್ದು ಕೂತು “ಹೊಡಿ ಲಾರ್ಸ್, ಹೊಡಿ!” ಅಂದ. ಲಾರ್ಸ್ ಅನ್ನುವುದು ಹೊಸ ಸಿನಿಮಾ ಆ ನಾರ್ವೆಯವನಿಗೆ ಕೊಟ್ಟ ಹೆಸರು.

ನನಗೆ ಒಂದು ಕ್ಷಣ ಸಿಟ್ಟು ಬಂತು. ಆಮೇಲೆ ಯೋಚಿಸಿದೆ. ಇಷ್ಟು ವರ್ಷ ಆ ಮನುಷ್ಯ ನನಗೆ ಹುಚ್ಚನಾಗಿದ್ದ, ಸತ್ತಾಗ ಮರುಕವೂ ಆಗಿರಲಿಲ್ಲ. ಆ ರಾತ್ರಿ ಮೊದಲ ಸಲ ಅವನು ಗುಂಡು ತಿಂದು ಬಿದ್ದಾಗ “ಛೇ” ಅನ್ನಿಸಿತು. ಹೊಸ ಸಿನಿಮಾ ಕಸಿದುಕೊಂಡದ್ದು ಹೆಚ್ಚು, ಕೊಟ್ಟದ್ದೂ ಒಂದು ಉಂಟು, ಸುಳ್ಳು ಹೇಳಬಾರದು.

ಇನ್ನು ರಾಕ್ಷಸನ, ಅಂದರೆ ಕಂಡವರ ರೂಪ ಹಾಕಿಕೊಳ್ಳುವ ಆ ಅನ್ಯಗ್ರಹದ ಜೀವಿಯ ವೇಷದ ಮಾತು. ಅಭಿಮಾನಿಗಳು ಎರಡು ಪಾಲಾದದ್ದು ಹೆಚ್ಚಾಗಿ ಇಲ್ಲೇ. ಹಳೆಯದರಲ್ಲಿ ರಾಬ್ ಬಾಟಿನ್ ಎಂಬ 22ರ ಹುಡುಗ ರಬ್ಬರು, ಬಣ್ಣ, ಲೋಳೆ, ತಂತಿ ಎಲ್ಲ ಸೇರಿಸಿ ಆ ಜೀವಿಯನ್ನು ಕೈಯಲ್ಲೇ ಕಟ್ಟಿದ. ಬಿಡುವಿಲ್ಲದೆ ದುಡಿದು ಕೊನೆಗೆ ಆಸ್ಪತ್ರೆ ಸೇರಿದ. ನಾಯಿಗೂಡಿನ ದೃಶ್ಯದ ಜೀವಿಯನ್ನು ಮಾಡಿಕೊಟ್ಟದ್ದು ಸ್ಟಾನ್ ವಿನ್‌ಸ್ಟನ್. ಹೊಟ್ಟೆಯೇ ಬಾಯಿಯಾಗಿ ಡಾಕ್ಟರ ಎರಡೂ ಕೈ ಕಚ್ಚುವ ದೃಶ್ಯ ಬಂದಾಗ ಅಕ್ಕ ಎದ್ದು ಅಡುಗೆಮನೆಗೆ ಹೋದಳು. ಅದಕ್ಕಿಂತ ಒಳ್ಳೆಯ ವಿಮರ್ಶೆ ನನಗೆ ಬರೆಯಲು ಬರುವುದಿಲ್ಲ.

ಹೊಸದರವರಿಗೂ ಅದೇ ಆಸೆ ಇತ್ತು ಅನ್ನುವುದೇ ಬೇಜಾರಿನ ವಿಷಯ. ಅಲೆಕ್ ಗಿಲ್ಲಿಸ್, ಟಾಮ್ ವುಡ್‌ರಫ್ ಇಬ್ಬರೂ ಪಳಗಿದ ಕೈಗಳು. ಅವರ ತಂಡ ನಿಜವಾದ ಬೊಂಬೆಗಳನ್ನೇ ಮಾಡಿತ್ತು, ಚಿತ್ರೀಕರಣವೂ ಆಗಿತ್ತು. ಆಮೇಲೆ ಅದರಲ್ಲಿ ಬಹುಪಾಲಿನ ಮೇಲೆ ಕಂಪ್ಯೂಟರ್ ಗ್ರಾಫಿಕ್ಸ್ ಮೆತ್ತಿದರು. ಯಕ್ಷಗಾನ ನೋಡಿದವರಿಗೆ ಇದರ ನೋವು ಬೇಗ ತಿಳಿಯುತ್ತದೆ. ಬಣ್ಣದ ವೇಷದವರು ಚೌಕಿಯಲ್ಲಿ (ವೇಷ ಕಟ್ಟುವ ಕೋಣೆಯಲ್ಲಿ) ಗಂಟೆಗಟ್ಟಲೆ ಕೂತು ಮುಖಕ್ಕೆ ಅಕ್ಕಿ ಹಿಟ್ಟಿನ ಚಿಟ್ಟಿ, ಅಂದರೆ ಮುಳ್ಳಿನಂಥ ಚುಕ್ಕೆ, ಒಂದೊಂದೇ ಇಟ್ಟು ರಾಕ್ಷಸನಾಗುತ್ತಾರೆ. ಅಷ್ಟೆಲ್ಲ ಮಾಡಿ ರಂಗಸ್ಥಳಕ್ಕೆ ಬಂದಾಗ ಮುಖದ ಎದುರು ಫ್ಲೆಕ್ಸ್ ಕಟ್ಟಿದರೆ ಹೇಗಿರುತ್ತದೆ? ಆ ತಂಡ ಮುಚ್ಚಿಹೋದ ತಮ್ಮ ಕೆಲಸದ ವಿಡಿಯೊಗಳನ್ನು ಆಮೇಲೆ ಹೊರಗೆ ಬಿಟ್ಟಿತು. ಜನರಿಂದ ಹಣ ಕೂಡಿಸಿ, ಕೈಕೆಲಸದ ಬೊಂಬೆಗಳನ್ನೇ ನಂಬಿ 2015ರಲ್ಲಿ ತಮ್ಮದೇ ಒಂದು ಸಿನಿಮಾವನ್ನೂ ತಂದಿತು. ನಾನು ಆ ವಿಡಿಯೊಗಳನ್ನು ಅಳಿಯನಿಗೆ ತೋರಿಸಿದೆ. “ಇದು ಸಿನಿಮಾದಲ್ಲಿ ಇರುವುದಕ್ಕಿಂತ ಎಷ್ಟೋ ಲಾಯ್ಕ ಉಂಟಲ್ಲ ಮಾವ” ಅಂದ. ಆ ದಿನ ನಾವಿಬ್ಬರೂ ಒಪ್ಪಿದ ಮಾತು ಅದೊಂದೇ.

ಸಂಗೀತ: ಹಳೆಯದಕ್ಕೆ ಎನ್ನಿಯೊ ಮೊರಿಕೋನೆ. ಎದೆ ಬಡಿತದಂತೆ ಡುಂ ಡುಂ, ಅಷ್ಟೇ. ಹೊಸದರ ಸಂಗೀತ ಮರುದಿನ ನೆನಪಿರಲಿಲ್ಲ.

ಆದರೆ ಹೊಸದರಲ್ಲಿ ಒಂದು ದೃಶ್ಯಕ್ಕೆ ನಾನು ತಲೆಬಾಗಿದೆ. ಯಾರು ಮನುಷ್ಯ, ಯಾರು ಆ ಜೀವಿ ಅಂತ ಕಂಡುಹಿಡಿಯಬೇಕು. ಹಳೆಯದರಲ್ಲಿ ಇದಕ್ಕೆ ರಕ್ತಪರೀಕ್ಷೆ. ಎಲ್ಲರನ್ನೂ ಕಟ್ಟಿಹಾಕಿ, ಒಬ್ಬೊಬ್ಬರ ರಕ್ತಕ್ಕೂ ಕಾದ ತಂತಿ ಮುಟ್ಟಿಸುವುದು. ಅದು ಎಲ್ಲರಿಗೂ ಗೊತ್ತಿರುವ ದೃಶ್ಯ. ಹೊಸದರಲ್ಲಿ ಕೇಟ್, ಅದೇ ಲ್ಯಾಬಿನ ಹುಡುಗಿ, ಒಂದು ಸಂಗತಿ ಗಮನಿಸುತ್ತಾಳೆ. ಆ ಜೀವಿ ಮಾಂಸ, ರಕ್ತ ನಕಲು ಮಾಡುತ್ತದೆ, ಲೋಹದಂಥ ಜೀವವಿಲ್ಲದ ವಸ್ತು ನಕಲು ಮಾಡಲು ಆಗುವುದಿಲ್ಲ. ಹಲ್ಲಿಗೆ ತುಂಬಿಸಿದ ಸಿಮೆಂಟು, ಬೆಳ್ಳಿ ಎಲ್ಲ ಉಗಿದುಬಿಡುತ್ತದೆ. ಹಾಗಾಗಿ ಟಾರ್ಚ್ ಹಿಡಿದು ಎಲ್ಲರ ಬಾಯಿ ನೋಡುತ್ತಾಳೆ. ಹಲ್ಲು ತುಂಬಿಸಿಕೊಂಡವರು ಪಾಸ್. ಹಲ್ಲು ಚೆನ್ನಾಗಿರುವವರು ಪಕ್ಕಕ್ಕೆ ನಿಲ್ಲಬೇಕು. ಅವರು ಜೀವಿಯೇ ಅಂತ ಸಾಬೀತಾಗಿಲ್ಲ, ಅಲ್ಲ ಅಂತಲೂ ಆಗಿಲ್ಲ.

ಸರಿಯಾಗಿ ಅದೇ ಹೊತ್ತಿಗೆ ಬಿಜೈಯಲ್ಲಿ ಕರೆಂಟ್ ಹೋಯಿತು. ಮಳೆ ಹೊಯ್ಯುತ್ತಿತ್ತು. ಕತ್ತಲಲ್ಲಿ ಅಕ್ಕ ಮೊಬೈಲ್ ಟಾರ್ಚ್ ಹಾಕಿ ಬಾವನ ಮುಖಕ್ಕೆ ಹಿಡಿದು “ಆ ಮಾಡಿ” ಅಂದಳು. ಬಾವನಿಗೆ ನಾಲ್ಕು ಹಲ್ಲು ತುಂಬಿಸಿದ್ದು ಉಂಟು. ಪಾಸ್. ನನಗೆ ಎರಡು. ಅಕ್ಕನಿಗೆ ಒಂದು ಕ್ಯಾಪ್. ಅಳಿಯನಿಗೆ ಒಂದೂ ಇಲ್ಲ, 20 ವರ್ಷದ ಚೊಕ್ಕ ಹಲ್ಲು. ಬಾವ ಗಂಭೀರವಾಗಿ ಅವನನ್ನು ಸೋಫಾದಿಂದ ಎಬ್ಬಿಸಿ ಒಂದು ಬದಿಗೆ ಕುರ್ಚಿಯಲ್ಲಿ ಕೂರಿಸಿದರು. ಕರೆಂಟ್ ಬರುವವರೆಗೆ ಗೋಳಿಬಜೆ ಕೊಡಲಿಲ್ಲ.

ಹಳೆಯದನ್ನು ಅಷ್ಟು ಸಲ ನೋಡಿದ್ದೇನೆ, ಮನೆಯವರ ಜೊತೆ ಹೀಗೆ ನಕ್ಕದ್ದಿಲ್ಲ. ಅದು ಒಬ್ಬನೇ ನೋಡುವ ಸಿನಿಮಾ.

ಅಳಿಯನ ವಾದವನ್ನೂ ಬರೆಯಬೇಕು, ಇಲ್ಲದಿದ್ದರೆ ಸಿಟ್ಟಾಗುತ್ತಾನೆ. ಹಳೆಯದರಲ್ಲಿ ಎಲ್ಲರಿಗೂ ಗಡ್ಡ, ಎಲ್ಲರಿಗೂ ದಪ್ಪ ಜಾಕೆಟ್, ಯಾರು ಯಾರು ಅಂತ ತಿಳಿಯಲು ಅವನಿಗೆ ಮುಕ್ಕಾಲು ಗಂಟೆ ಬೇಕಾಯಿತಂತೆ. ಹೊಸದು ಬೇಗ ಓಡುತ್ತದೆ, ಕೇಟ್ ತಲೆ ಇರುವ ಹುಡುಗಿ. ಗೋಡೆಯಲ್ಲಿ ಸಿಕ್ಕಿಕೊಂಡ ಕೊಡಲಿ, ಎರಡು ಮುಖ ಕೂಡಿಕೊಂಡ ಹೆಣ, ಕುರ್ಚಿಯಲ್ಲಿ ಹೆಪ್ಪುಗಟ್ಟಿದ ಮನುಷ್ಯ, ಹಳೆಯದರಲ್ಲಿ ಪಾಳುಬಿದ್ದ ಕ್ಯಾಂಪಿನಲ್ಲಿ ಕಾಣುವ ಇವೆಲ್ಲಕ್ಕೂ ಲೆಕ್ಕ ಸಿಗುತ್ತದೆ. ಅವನಿಗೆ ಅದೇ ಖುಷಿ. ನನಗೆ ಅದೇ ಕಿರಿಕಿರಿ. ಆ ಕೊಡಲಿ ಯಾಕೆ ಅಲ್ಲಿದೆ ಅಂತ ಯೋಚಿಸಿ ಎಷ್ಟು ರಾತ್ರಿ ಹೆದರಿದ್ದೇನೆ. ಈಗ ಉತ್ತರ ಗೊತ್ತಾಯಿತು, ಬರಿಯ ಕೊಡಲಿ ಆಯಿತು.

ಅವನ ಇನ್ನೊಂದು ಮಾತಿಗೆ ಮಾತ್ರ ನನ್ನ ಬಾಯಿ ಕಟ್ಟಿತು. “ನಿಮ್ಮ ಹಳೆಯದು ಬಂದಾಗಲೂ ಜನ ಬೈದಿದ್ರಲ್ಲ ಮಾವ?” ನಿಜ. 1982ರ ಜೂನ್ 25ಕ್ಕೆ ಅದು ಬಿಡುಗಡೆ ಆಯಿತು. ಅದಕ್ಕೆ ಎರಡು ವಾರ ಮೊದಲು ಮುದ್ದು ಅನ್ಯಗ್ರಹದ ಜೀವಿ ‘ಇ.ಟಿ.’ ಬಂದಿತ್ತು. ಊರೆಲ್ಲ ಅದನ್ನು ಮುದ್ದಾಡುತ್ತಿರುವಾಗ ಈ ಅಸಹ್ಯ ಯಾರಿಗೆ ಬೇಕು? ವಿಮರ್ಶಕರು ಉಗಿದರು, ಸಿನಿಮಾ ಮಲಗಿತು. ಮನೆಯಲ್ಲಿ ಕ್ಯಾಸೆಟ್ ಹಾಕಿ ನೋಡಿದವರೇ ಮುಂದೆ ಅದನ್ನು ಎತ್ತಿ ನಿಲ್ಲಿಸಿದ್ದು. 2011ರದ್ದೂ ಹಾಕಿದ ದುಡ್ಡು ದುಡಿಯಲಿಲ್ಲ. ಡಚ್ ನಿರ್ದೇಶಕ ಮಥೈಸ್ ವಾನ್ ಹೈನಿಂಗನ್‌ಗೆ ಅದು ಮೊದಲ ಸಿನಿಮಾ. ಇನ್ನು 15 ವರ್ಷಕ್ಕೆ ಅಳಿಯನ ವಯಸ್ಸಿನವರು ಅದನ್ನೂ ಎತ್ತಿ ನಿಲ್ಲಿಸುತ್ತಾರಾ? ನನಗೆ ಅನುಮಾನ. ಹಳೆಯದನ್ನು ಬೈದವರು ಆ ಜೀವಿಯನ್ನು ಕಂಡು ಹೇಸಿ ಬೈದರು. ಹೊಸದರಲ್ಲಿ ಹೇಸುವಷ್ಟೂ ಹತ್ತಿರ ಬರುವುದಿಲ್ಲ ಅದು.

ಹಾಗಾದರೆ ಯಾವುದಕ್ಕೆ ದುಡ್ಡು ಕೊಡುವುದು? ನಾನು ಸಿನಿಮಾ ನೋಡುವುದು ಮನೆಯವರೆಲ್ಲ ಮಲಗಿದ ಮೇಲೆ, ಕಿವಿಗೆ ಹೆಡ್‌ಫೋನ್ ಹಾಕಿ. ನೋಡಿದ್ದನ್ನೇ ನೋಡುವ ಚಟ. ಅದಕ್ಕೆ ಹಳೆಯದನ್ನು ಬಾಡಿಗೆಗಲ್ಲ, ಈಗ ಪೂರ್ತಿ ಕೊಂಡೇ ಇಟ್ಟಿದ್ದೇನೆ. ಹೊಸದನ್ನು ಮತ್ತೆ ನೋಡುವುದಿಲ್ಲ. ಆದರೆ ನಿಮ್ಮ ಮನೆಗೆ ತಗಡಿನ ಮಾಡು ಇದ್ದು, ಆಟಿಯ ಮಳೆ ಹೊಡೆಯುತ್ತಿದ್ದರೆ ಹಳೆಯದನ್ನು ಹಾಕಲೇಬೇಡಿ. ಅದರ ಹೆದರಿಕೆ ಇರುವುದೇ ಸದ್ದಿಲ್ಲದ ಜಾಗಗಳಲ್ಲಿ, ಮಳೆಯ ಗದ್ದಲದಲ್ಲಿ ಎಲ್ಲ ಕೊಚ್ಚಿಹೋಗುತ್ತದೆ. ಅದನ್ನು ಡಿಸೆಂಬರಿಗೆ ಇಟ್ಟುಕೊಳ್ಳಿ. ಹೊಸದು ಅರಚುವ ಸಿನಿಮಾ, ಮಳೆಗೂ ಕೇಳಿಸುತ್ತದೆ. ನಾಲ್ಕು ಜನ ಇರಲಿ, ಒಬ್ಬರಾದರೂ ಹಲ್ಲು ತುಂಬಿಸಿದವರು ಇರಲಿ. ಆದರೆ ಹಳೆಯದನ್ನು ನೋಡದವರು ಯಾರಾದರೂ ಕೋಣೆಯಲ್ಲಿದ್ದರೆ ಅವರನ್ನು ಮೊದಲು ಹೊರಗೆ ಕಳಿಸಿ.

ಮೊನ್ನೆ ಅಳಿಯ ಹಾಸ್ಟೆಲಿನ ಗೆಳೆಯರಿಗೆ ಹಳೆಯದನ್ನು ತೋರಿಸುತ್ತೇನೆ ಅಂತ ಹೊರಟ. ಇಸವಿ ನೋಡು, ಇಸವಿ ನೋಡು ಅಂತ ಮೂರು ಸಲ ಹೇಳಿದ್ದೆ. ರಾತ್ರಿ ಒಂಬತ್ತೂವರೆಗೆ ಮೆಸೇಜ್ ಬಂತು: “ಮಾವ, ಇದು ಕಪ್ಪು ಬಿಳುಪು ಬರ್ತಾ ಉಂಟಲ್ಲ?”

ಇದೇ ಕಥೆಯ ಮೇಲೆ 1951ರಲ್ಲೂ ಒಂದು ಸಿನಿಮಾ ಬಂದಿತ್ತು. ಅದರ ಹೆಸರೂ ‘ದ ಥಿಂಗ್’ ಅಂತಲೇ ಶುರುವಾಗುತ್ತದೆ. ಅವನಿಗೆ ಹೇಳಲು ಮರೆತಿದ್ದೆ.

“ನಿಲ್ಲಿಸಬೇಡ, ಕೊಟ್ಟಾಯ್ತಲ್ಲ” ಅಂತ ಬರೆದೆ.