ಕಸೂತಿ ಪಾಠಕ್ಕೆ ಎಕ್ಸೆಲ್ಲೋ, ಗೂಗಲ್ ಶೀಟ್ಸೋ, ಕ್ಯಾಲ್ಕೋ?

ಕಳೆದ ಜೂನ್‌ನಲ್ಲಿ ಸ್ವಂತ ಹಣ ಕೊಟ್ಟು ಒಂದು ವರ್ಷಕ್ಕೆ ಎಕ್ಸೆಲ್ ಚಂದಾ ಕಟ್ಟಿದ ಚಿತ್ರಕಲಾ ಶಿಕ್ಷಕ ನಾನು. ಆದರೆ ಎಂಟನೆಯ ತರಗತಿಗೆ ಕಸೂತಿಯ ಪಾಠವನ್ನು ಈಗ ನಡೆಸುತ್ತಿರುವುದು ಪುಕ್ಕಟೆಯಾಗಿ ಸಿಗುವ ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿ. ತಪ್ಪು ನನ್ನದೇ. ಶಾಲೆಯ ಲ್ಯಾಬಿನ ಹನ್ನೆರಡು ಕಂಪ್ಯೂಟರುಗಳಲ್ಲಿ ಇರುವುದು ವಿಂಡೋಸ್ ಅಲ್ಲ, ಎಕ್ಸೆಲ್ ಸ್ಥಾಪಿಸಲು ಬಾರದ ಉಬುಂಟು ಎಂಬುದನ್ನು ವಿಚಾರಿಸದೆ, ಮನೆಯ ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿ ಕಂಡಿತೆಂದು ಹಣ ಕಟ್ಟಿಬಿಟ್ಟೆ. ಕಟ್ಟಿದ ಮೇಲೆ ಸುಮ್ಮನಿರಲಾಗದೆ ಎಕ್ಸೆಲ್, ಗೂಗಲ್ ಶೀಟ್ಸ್, ಕ್ಯಾಲ್ಕ್ ಎಂಬ ಮೂರೂ ಲೆಕ್ಕದ ಹಾಳೆಯ ತಂತ್ರಾಂಶಗಳಲ್ಲಿ ಅದೇ ಪಾಠವನ್ನು ಮಾಡಿ ನೋಡಿದೆ.

ಚಿತ್ರಕಲೆಗೂ ಲೆಕ್ಕದ ಹಾಳೆಗೂ ಏನು ಸಂಬಂಧವೆಂದು ಸಹೋದ್ಯೋಗಿಗಳು ಕೇಳುತ್ತಾರೆ. ಉತ್ತರ ಕರ್ನಾಟಕದ ಈ ಕಸೂತಿಯನ್ನು ಬಟ್ಟೆಯ ಮೇಲೆ ಗೆರೆ ಎಳೆದುಕೊಂಡು ಹಾಕುವುದಿಲ್ಲ. ಎಳೆ ಎಣಿಸಿ ಹಾಕುತ್ತಾರೆ. ಎಣಿಕೆ ತಪ್ಪಿದರೆ ಗೋಪುರ ವಾಲುತ್ತದೆ, ತುಳಸಿಕಟ್ಟೆಯ ಎಡಬಲ ಕೂಡುವುದಿಲ್ಲ. ಮಕ್ಕಳು ಇದನ್ನು ಗ್ರಾಫ್ ಪುಸ್ತಕದಲ್ಲಿ ಕಲಿಯುತ್ತಿದ್ದರು, ಆದರೆ ಒಂದೇ ಜಾಗವನ್ನು ನಾಲ್ಕು ಸಲ ಅಳಿಸುವಷ್ಟರಲ್ಲಿ ಕಾಗದ ಹರಿಯುತ್ತಿತ್ತು. ಪರದೆಯ ಮೇಲಿನ ಚೌಕಕ್ಕೆ ಆ ತೊಂದರೆ ಇಲ್ಲ.

ಆದರೆ ಆ ಚೌಕ ನಿಜಕ್ಕೂ ಚೌಕವಾಗಿರಬೇಕು. ಮೂರೂ ತಂತ್ರಾಂಶಗಳನ್ನು ಬೇರೆಬೇರೆ ಮಾಡಿದ್ದು ಮುಖ್ಯವಾಗಿ ಇದೇ ಸಂಗತಿ. ಪ್ರೊಜೆಕ್ಟರಿಗೆ ನನ್ನ ಲ್ಯಾಪ್‌ಟಾಪ್ ಜೋಡಿಸಿ, ಎಕ್ಸೆಲ್ ತೆರೆದು, ಒಬ್ಬ ಹುಡುಗಿಯನ್ನು ಕರೆದು ಕಾಲಮ್ಮಿನ ಅಗಲಕ್ಕೂ ಸಾಲಿನ ಎತ್ತರಕ್ಕೂ ಹದಿನೈದು ಕೊಡಲು ಹೇಳಿದೆ. ಪರದೆಯ ಮೇಲೆ ಮೂಡಿದ್ದು ಉದ್ದನೆಯ ಇಟ್ಟಿಗೆಗಳು. "ಸರ್, ಎರಡಕ್ಕೂ ಹದಿನೈದು ಕೊಟ್ಟೇನ್ರಿ, ಆದ್ರೂ ಚೌಕ ಆಗವಲ್ದು" ಎಂದು ಅವಳು ನನ್ನ ಮುಖ ನೋಡಿದಳು. ನನ್ನ ಬಳಿ ಉತ್ತರವಿರಲಿಲ್ಲ.

ಉತ್ತರ ಸಿಕ್ಕಿದ್ದು ಅಂದು ರಾತ್ರಿ. ಎಕ್ಸೆಲ್‌ನಲ್ಲಿ ಕಾಲಮ್ಮಿನ ಅಗಲವನ್ನು ಅದರಲ್ಲಿ ಎಷ್ಟು ಅಂಕಿಗಳು ಹಿಡಿಯುತ್ತವೆ ಎಂಬುದರಿಂದ ಅಳೆಯುತ್ತಾರೆ. ಸಾಲಿನ ಎತ್ತರವನ್ನು ಅಚ್ಚಿನವರ ಪಾಯಿಂಟಿನಲ್ಲಿ, ಅಂದರೆ ಇಂಚಿಗೆ 72ರಂತೆ, ಅಳೆಯುತ್ತಾರೆ. ಕ್ಯಾಲಿಬ್ರಿ 11ರ ಅಕ್ಷರವಿದ್ದಾಗ ಹದಿನೈದು ಎಂಬ ಅಗಲ 110 ಪಿಕ್ಸೆಲ್ (ಪರದೆಯ ಚುಕ್ಕಿ) ಆಗುತ್ತದೆ, ಹದಿನೈದು ಎಂಬ ಎತ್ತರ ಕೇವಲ 20 ಪಿಕ್ಸೆಲ್. ಚೌಕ ಬೇಕಾದರೆ ಎತ್ತರವನ್ನು 15ಕ್ಕೇ ಬಿಟ್ಟು ಅಗಲಕ್ಕೆ 2.14 ಕೊಡಬೇಕು. ಲೆಕ್ಕ ಬರೆಯುವವರ ಅನುಕೂಲಕ್ಕೆ ಹುಟ್ಟಿದ ಅಳತೆ ಇದು, ಅದನ್ನು ದೋಷವೆನ್ನಲಾರೆ. ಪೇಜ್ ಲೇಔಟ್ ನೋಟಕ್ಕೆ ಹೋದರೆ ಎರಡನ್ನೂ ಸೆಂಟಿಮೀಟರಿನಲ್ಲಿ ಕೊಡಬಹುದೆಂದು ಆಮೇಲೆ ತಿಳಿಯಿತು. ಆದರೂ ನಲವತ್ತು ನಿಮಿಷದ ಅವಧಿಯಲ್ಲಿ 2.14 ಎಂಬ ಸಂಖ್ಯೆ ಎಲ್ಲಿಂದ ಬಂತೆಂದು ಮಕ್ಕಳಿಗೆ ಬಿಡಿಸಿ ಹೇಳುತ್ತ ಕುಳಿತರೆ ಕಸೂತಿಗೆ ಹೊತ್ತು ಉಳಿಯುವುದಿಲ್ಲ.

ಗೂಗಲ್ ಶೀಟ್ಸ್‌ನಲ್ಲಿ ಎರಡೂ ಅಳತೆ ಪಿಕ್ಸೆಲ್‌ನಲ್ಲಿಯೇ ಇರುವುದರಿಂದ ಎರಡಕ್ಕೂ 21 ಎಂದರೆ ಮುಗಿಯಿತು. ಕ್ಯಾಲ್ಕ್ ಇನ್ನೂ ಒಂದು ಹೆಜ್ಜೆ ಮುಂದೆ: ಅಗಲ 0.5 ಸೆಂ.ಮೀ., ಎತ್ತರ 0.5 ಸೆಂ.ಮೀ. ಮಕ್ಕಳ ಕಂಪಾಸ್ ಪೆಟ್ಟಿಗೆಯ ಸ್ಕೇಲಿನಲ್ಲಿ ಇರುವ ಅಳತೆಯೇ ಇದು. ಎ4 ಹಾಳೆಯ ಎರಡೂ ಅಂಚಿಗೆ ಎರಡೆರಡು ಸೆಂಟಿಮೀಟರ್ ಬಿಟ್ಟರೆ ಅಡ್ಡಕ್ಕೆ 34 ಚೌಕ ಹಿಡಿಯುತ್ತವೆ ಎಂಬ ಲೆಕ್ಕವನ್ನು ನಾನು ಹೇಳುವ ಮೊದಲೇ ಹಿಂದಿನ ಬೆಂಚಿನ ಹುಡುಗನೊಬ್ಬ ಹೇಳಿದ. ಅಚ್ಚಾದ ಹಾಳೆಯ ಮೇಲೆ ಸ್ಕೇಲ್ ಇಟ್ಟು ನೋಡಿಯೂ ಆಯಿತು, ಸರಿಯಾಗಿಯೇ ಇತ್ತು.

ಇನ್ನು ಹೊಲಿಗೆಗಳ ಮಾತು. ಕಸೂತಿಯಲ್ಲಿ ಗಾವಂತಿ, ಮುರ್ಗಿ, ನೇಗಿ, ಮೆಂತಿ ಎಂದು ನಾಲ್ಕು ಬಗೆ. ಚೌಕಗಳಿಗೆ ಬಣ್ಣ ತುಂಬಿದರೆ ಕಸೂತಿ ಆಗಿಬಿಡುತ್ತದೆಂದು ನಾನು ಮೊದಲು ತಿಳಿದಿದ್ದೆ. ಗಾವಂತಿಯೂ ಮುರ್ಗಿಯೂ ಗೆರೆಯ ಹೊಲಿಗೆಗಳಾದ್ದರಿಂದ ಅವು ಚೌಕದ ಒಳಗಲ್ಲ, ಅಂಚಿನ ಮೇಲೆ ಸಾಗುತ್ತವೆ. ಹೀಗಾಗಿ ಬಣ್ಣದ ಡಬ್ಬಿಗಿಂತ ಬಾರ್ಡರ್ ಗುಂಡಿಯೇ ಇಲ್ಲಿ ಸೂಜಿ. ಹಾಳೆಗೆಲ್ಲ ಚಂದ್ರಕಾಳಿ ಸೀರೆಯಂತೆ ಕಪ್ಪು ಬಳಿದು, ಅಂಚುಗಳಿಗೆ ಕೆಂಪು, ಬಿಳಿ ಕೊಟ್ಟಾಗ ಮುರ್ಗಿಯ ಮೆಟ್ಟಿಲು ಮೆಟ್ಟಿಲಾದ ಓಟ ಮಕ್ಕಳಿಗೆ ಒಂದೇ ನೋಟಕ್ಕೆ ಹೊಳೆಯಿತು. ಮೆಂತಿ ಮಾತ್ರ ಅಡ್ಡಹಾಯುವ ಹೊಲಿಗೆ, ಚೌಕದೊಳಗೆ ಮೂಲೆಯಿಂದ ಮೂಲೆಗೆ ಎರಡು ಗೆರೆ ಬೇಕು. ಎಕ್ಸೆಲ್ ಮತ್ತು ಕ್ಯಾಲ್ಕ್‌ಗಳಲ್ಲಿ ಕರ್ಣರೇಖೆಯ ಬಾರ್ಡರ್ ಇದೆ, ಗೂಗಲ್ ಶೀಟ್ಸ್‌ನಲ್ಲಿ ಇಲ್ಲ. ಅಲ್ಲಿ ಗುಣಾಕಾರದ ಚಿಹ್ನೆ ಹಾಕಿ ಸಮಾಧಾನಪಟ್ಟುಕೊಂಡೆವು; ಅದು ನಾಲ್ಕು ಮೂಲೆಗೂ ಮುಟ್ಟುವುದಿಲ್ಲ.

ಎಡಬಲದ ಸಮತೆಯನ್ನು ಕಲಿಸಲು ಬಣ್ಣಗಳಿಗೆ ಸಂಖ್ಯೆ ಕೊಟ್ಟೆ: 1 ಕೆಂಪು, 2 ಹಸಿರು, 3 ಹಳದಿ. ಎಡಗಡೆಯ ಹತ್ತು ಕಾಲಮ್ಮುಗಳಲ್ಲಿ ಮಕ್ಕಳು ಸಂಖ್ಯೆ ತುಂಬುತ್ತಾರೆ; ಕೆ ಕಾಲಮ್ಮಿನಿಂದ ಟಿ ಕಾಲಮ್ಮಿನವರೆಗೆ =ಇಂಡೆಕ್ಸ್($ಎ1:$ಜೆ1,1,21-ಕಾಲಮ್()) ಎಂಬ ಸೂತ್ರವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ನಾನೇ ಮೊದಲು ತುಂಬಿಟ್ಟಿರುತ್ತೇನೆ. ಅರ್ಧ ನವಿಲು ಬರೆದರೆ ಎದುರಿಗೆ ಇನ್ನರ್ಧ ತಾನೇ ಬಂದು ನಿಲ್ಲುತ್ತದೆ. ಸಂಖ್ಯೆಗೆ ತಕ್ಕ ಬಣ್ಣವನ್ನು ಚೌಕಕ್ಕೆ ತಾನೇ ತುಂಬುವುದು ಕಂಡೀಷನಲ್ ಫಾರ್ಮ್ಯಾಟಿಂಗ್ ಎಂಬ ಸೌಲಭ್ಯ; ಎಕ್ಸೆಲ್‌ನಲ್ಲಿ ಖಾಲಿ ಬಿಟ್ಟ ಚೌಕಗಳ ಎದುರು ಸೊನ್ನೆ ಮೂಡುವುದರಿಂದ ಸೊನ್ನೆಗೆ ಬಿಳಿ ಅಕ್ಷರ, ಬಿಳಿ ನೆಲ ಎಂಬ ನಿಯಮವನ್ನೂ ಅದರಲ್ಲಿ ಸೇರಿಸಬೇಕು. ಸೂತ್ರ ಮಾತ್ರ ಮೂರರಲ್ಲಿಯೂ ಒಂದೇ.

ಗೂಗಲ್ ಶೀಟ್ಸ್‌ಗೆ ಸಲ್ಲಬೇಕಾದದ್ದನ್ನು ಸಲ್ಲಿಸಲೇಬೇಕು. ಒಂದೇ ಹಾಳೆಯಲ್ಲಿ ಎಲ್ಲರೂ ಏಕಕಾಲಕ್ಕೆ ಕೆಲಸ ಮಾಡುವ ಸುಖ ಉಳಿದೆರಡರಲ್ಲಿ ನನಗೆ ಸಿಗಲಿಲ್ಲ. ಒಬ್ಬ ಅಂಬಾರಿಯ ಆನೆಯನ್ನು ಬರೆಯುತ್ತಿದ್ದಾಗ ಇನ್ನೊಬ್ಬ ಅದರ ಸೊಂಡಿಲನ್ನು ಅಳಿಸಿದ. ಜಗಳ ಹತ್ತುವ ಮೊದಲೇ ಹಳೆಯ ಆವೃತ್ತಿಗಳ ಪಟ್ಟಿ ತೆರೆದು ಸೊಂಡಿಲನ್ನು ಮರಳಿ ತಂದೆ. ಆದರೆ ನಮ್ಮಲ್ಲಿ ಮಳೆ ಬಂದ ದಿನ ಇಂಟರ್ನೆಟ್ ಇರುವುದಿಲ್ಲ, ಕಸೂತಿಯ ಪಾಠ ಬರುವುದು ಆಗಸ್ಟಿನಲ್ಲಿ.

ಕ್ಯಾಲ್ಕ್‌ನ ಮೇಲೆ ನನ್ನದೊಂದು ಸಣ್ಣ ದೂರಿದೆ. ನಮ್ಮ ಲ್ಯಾಬಿನಲ್ಲಿರುವ ಆವೃತ್ತಿ ಪ್ರತಿ ಹಾಳೆಯ ನೆತ್ತಿಯ ಮೇಲೆ "ಶೀಟ್1" ಎಂದು ಅಚ್ಚು ಹಾಕುತ್ತದೆ. ಪೇಜ್ ಸ್ಟೈಲ್‌ಗೆ ಹೋಗಿ ಹೆಡರ್ ತೆಗೆಯಲು ಮರೆತು ಇಪ್ಪತ್ತು ಹಾಳೆ ಹಾಳು ಮಾಡಿದ್ದೇನೆ.

ಒಳ್ಳೆಯ ಇಂಟರ್ನೆಟ್ ಇರುವ ಶಾಲೆಯವರು ಗೂಗಲ್ ಶೀಟ್ಸ್ ಹಿಡಿಯಲಿ, ಮೆಂತಿಯನ್ನು ಬೋರ್ಡಿನ ಮೇಲೆ ಕಲಿಸಲಿ. ಆಗಲೇ ಎಕ್ಸೆಲ್ ಇರುವವರು ಕ್ಯಾಲಿಬ್ರಿ 11 ಇಟ್ಟುಕೊಂಡು 2.14 ಎಂದು ಕೈಮೇಲೆ ಬರೆದುಕೊಂಡರೆ ಸಾಕು. ಹನ್ನೆರಡು ಕಂಪ್ಯೂಟರಿಗೆ ಚಂದಾ ಕಟ್ಟುವಷ್ಟು ಹಣ ನನ್ನ ಬಳಿ ಇಲ್ಲ, ಪಾಠವನ್ನು ಪೆನ್‌ಡ್ರೈವಿನಲ್ಲಿ ಒಯ್ಯುವುದು ಮೊದಲಿನಿಂದಲೂ ನನ್ನ ರೂಢಿ, ಹಾಗಾಗಿ ನನಗೆ ಕ್ಯಾಲ್ಕೇ ಸರಿ. ಬರುವ ಜೂನ್‌ನಲ್ಲಿ ಚಂದಾ ಮುಗಿದಾಗ ಮುಂದುವರಿಸುವುದಿಲ್ಲ. ಆ ಹಣಕ್ಕೆ ಎಳೆ ಎಣಿಸಲು ಅನುಕೂಲವಾದ ಮ್ಯಾಟಿ ಬಟ್ಟೆ, ದಾರ ತರಿಸಬೇಕೆಂದಿದ್ದೇನೆ.